ಸಂಪಿನ ಒಳಗೋಡೆ

ಫೆಬ್ರವರಿ ೧೧

ಪ್ರೀತಿಯ ತಮ್ಮನಿಗೆ ಅಕ್ಕ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ನೀನು, ನಿನ್ನ ಹೆಂಡತಿ, ಮಕ್ಕಳು ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಇಸ್ತ್ರಿಗೆ ಬಂದ ಬಟ್ಟೆಯ ರಾಶಿ ಒಂದು ಕಡೆ, ಬೀದಿ ಕಾಯುವ ಕೆಲಸ ಇನ್ನೊಂದು ಕಡೆ. ಎರಡನೆಯದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಆದರೂ ನಾನು ಬಿಟ್ಟರೆ ಮಾಡುವವರು ಯಾರು ಹೇಳು. ಫೋನ್ ಮಾಡಬಾರದಾ ಎಂದು ಬರೆದಿದ್ದೀಯ. ಮಾಡಬಹುದು. ಆದರೆ ನಮ್ಮ ಅಡುಗೆಮನೆಯ ಗೋಡೆಯ ಆ ಮಗ್ಗುಲಿಗೇ ದರ್ಜಿಯ ಹೊಲಿಗೆ ಯಂತ್ರವಿದೆ. ನಾನು ಫೋನ್ ಎತ್ತಿದ ಕೂಡಲೇ ಆ ಯಂತ್ರದ ಸದ್ದು ನಿಲ್ಲುತ್ತದೆ. ಗೋಡೆಗೂ ಕಿವಿ ಇರುತ್ತದೆ ಎಂದು ಬೇರೆಯವರು ಗಾದೆಯಾಗಿ ಹೇಳುತ್ತಾರೆ, ನಾನು ಅನುಭವದಿಂದ ಹೇಳುತ್ತೇನೆ. ಕಾಗದವಾದರೆ ಅಂಟು ಹಚ್ಚಿ ನಾನೇ ಹೋಗಿ ಡಬ್ಬಕ್ಕೆ ಹಾಕಿ ಬರುತ್ತೇನೆ.

ಈಗ ಸಮಾಚಾರ. ನಮ್ಮ ಬೀದಿಗೆ ಒಳಚರಂಡಿ ಬರುತ್ತದಂತೆ. ನೀನು ನಗುತ್ತಿರಬಹುದು, ನಾನೂ ನಕ್ಕೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಯಾರಾದರೊಬ್ಬರು ಟೇಪು ಹಿಡಿದು ಬೀದಿ ಅಳೆಯುತ್ತಲೇ ಇದ್ದಾರೆ. ಎಲ್ಲರೂ ಮೂಗಿಗೆ ತುಪ್ಪ ಸವರಿ ಹೋದವರೇ. ತುಪ್ಪಕ್ಕಿಂತ ಮೋರಿಯ ವಾಸನೆ ಜೋರಾಗಿದ್ದುದರಿಂದ ನಾನಂತೂ ಮೋಸಹೋಗಲಿಲ್ಲ. ಆದರೆ ಈ ಸಲ ಪೈಪುಗಳು ನಿಜವಾಗಿಯೂ ಬಂದಿವೆ. ಹಿಟ್ಟಿನ ಗಿರಣಿಯ ಮುಂದೆ ಪೇರಿಸಿಟ್ಟಿದ್ದಾರೆ. ಸಂಜೆ ಎಷ್ಟು ಪೈಪುಗಳಿದ್ದವೋ ಬೆಳಿಗ್ಗೆ ಎದ್ದು ನೋಡಿದರೆ ಅಷ್ಟೇ ಇದ್ದವು, ಒಂದೂ ಕಳುವಾಗಿರಲಿಲ್ಲ. ಅದೇ ನನಗೆ ಅನುಮಾನ ತಂದದ್ದು. ಸರ್ಕಾರದ ಸಾಮಾನು ಕರಗದೆ ಕೂತಿದೆಯೆಂದರೆ ಅದರ ಹಿಂದೆ ಏನೋ ಇದೆ. ನಿನ್ನ ಭಾವನಿಗೆ ಹೇಳಿದೆ. ಅವರು ಬಸ್ಸಿನ ಕಂಡಕ್ಟರ್ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು. “ಕದ್ರೆ ಕಳ್ಳರು ಅಂತೀಯಾ, ಕದೀದಿದ್ರೆ ಇನ್ನೂ ದೊಡ್ಡ ಕಳ್ಳರು ಅಂತೀಯಾ. ನೀನು ನನ್ನ ಬದಲು ಟಿಕೆಟ್ ಚೆಕಿಂಗ್‌ಗೆ ಸೇರಬೇಕಿತ್ತು” ಎಂದರು.

ಈ ಕೆಲಸದ ಮೇಲೆ ಒಬ್ಬಳು ಇಂಜಿನಿಯರಮ್ಮ ಬಂದಿದ್ದಾಳೆ. ಚಿಕ್ಕ ವಯಸ್ಸು. ಮೊಣಕಾಲಿನವರೆಗೆ ರಬ್ಬರ್ ಬೂಟು, ತಲೆಗೆ ಹಳದಿ ಟೋಪಿ. ಮೊದಲನೆಯ ದಿನವೇ ಎಲ್ಲರ ಗೋಡೆಯ ಮೇಲೂ ಕೆಂಪು ಬಣ್ಣದಲ್ಲಿ ಗುರುತು ಹಾಕಿಸಿಕೊಂಡು ಹೋದಳು. ನಮ್ಮ ಗೋಡೆಯದನ್ನು ನಾನು ಒದ್ದೆ ಬಟ್ಟೆಯಿಂದ ಉಜ್ಜಿ ತೆಗೆದೆ. ಮಾರನೆಯ ದಿನ ಬಂದು ಬಾಗಿಲು ಬಡಿದಳು.

“ಅಮ್ಮಾ, ಗುರುತು ಯಾಕೆ ಒರೆಸಿದ್ರಿ?”

“ಮೊದಲು ಕೆಂಪು ಗುರುತು ಹಾಕೋದು, ಆಮೇಲೆ ಮನೆ ಒಡೆಯೋದು. ನಾನೇನು ನೋಡಿಲ್ವಾ?”

“ಒಡೆಯೋದಕ್ಕಲ್ಲಮ್ಮ. ನಿಮ್ಮನೆ ಪೈಪು ಇಲ್ಲಿಂದ ಹೊರಗೆ ಬಂದು ಬೀದಿ ಪೈಪಿಗೆ ಸೇರಬೇಕು, ಅದಕ್ಕೆ.”

“ಬಾಯಲ್ಲಿ ಹೇಳೋದನ್ನ ಬರೆದು ಸಹಿ ಹಾಕಿ ಕೊಡಿ.”

ನಿಂತಲ್ಲೇ ಬರೆದು ಕೊಟ್ಟಳು. ಕೇಳಿದ ತಕ್ಷಣ ಕೊಡುವವರನ್ನು ನಾನು ನಂಬುವುದಿಲ್ಲ, ಆದರೂ ಬಿಸಿಲಲ್ಲಿ ನಿಂತಿದ್ದಾಳಲ್ಲ ಎಂದು ಕುಡಿಯಲು ನೀರು ತಂದೆ. ಲೋಟ ಮುಟ್ಟಲಿಲ್ಲ. ಚೀಲದಿಂದ ತನ್ನದೇ ಬಾಟಲಿ ತೆಗೆದು ಕುಡಿದಳು. ನನಗೆ ಸಿಟ್ಟು ಬಂತು. “ಯಾಕಮ್ಮ, ನಮ್ಮನೆ ನೀರು ನಿಮಗೆ ಆಗಲ್ವಾ?” ಎಂದೆ. ಅವಳು ಮುಖ ಸಣ್ಣದು ಮಾಡಿಕೊಂಡು ಹೇಳಿದಳು, “ನಿಮ್ಮ ಸಾಲಿನ ಸಂಪುಗಳ ನೀರು ಪರೀಕ್ಷೆ ಮಾಡ್ಸಿದ್ದೀನಿ. ನಾನು ಕುಡಿಯಲ್ಲ, ನೀವೂ ಕುಡೀಬೇಡಿ. ಯಾರದೋ ಕಕ್ಕಸಿನ ನೀರು ಭೂಮಿಯೊಳಗೇ ಬಂದು ಸೇರ್ತಾ ಇದೆ.”

ನಾನು ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ಕುಳಿತುಬಿಟ್ಟೆ ತಮ್ಮಾ. ನಮ್ಮ ಗುಬ್ಬಿಗೆ ಜ್ವರ ಬಂದು, ವಾಂತಿ ಭೇದಿ ನಿಲ್ಲದೆ, ಹಾಸಿಗೆಯಲ್ಲಿ ಹಾಸಿಗೆಯಾಗಿ ಹೋದದ್ದೆಲ್ಲ ಕಣ್ಣ ಮುಂದೆ ಬಂತು. ಹೆತ್ತವಳು ನಾನಾದರೂ ಹೆಗಲ ಮೇಲೆ ಹೊತ್ತು ಬೆಳೆಸಿದವನು ನೀನು. ಜ್ವರದಲ್ಲಿ ಅವಳು ಕೇಳಿದ್ದು ಮಾಮನನ್ನೇ. ಆಸ್ಪತ್ರೆಯ ಡಾಕ್ಟರು ಅಂದೇ ಹೇಳಿದ್ದರು, ಕುಡಿಯುವ ನೀರು ಕೆಟ್ಟಿದೆ ಎಂದು. ಯಾರ ಮನೆಯ ಹೊಲಸು ನನ್ನ ಸಂಪಿಗೆ ಬಂದು ಬಿತ್ತು ಎನ್ನುವುದು ನನಗೂ ಗೊತ್ತು, ನಿನಗೂ ಗೊತ್ತು. ಮನೆಯ ಮೇಲೆ ಮನೆ ಕಟ್ಟಿ, ಮಹಡಿಗೊಂದು ಕಕ್ಕಸು ಇಟ್ಟವನು ಈ ಸಾಲಿನಲ್ಲಿ ದರ್ಜಿಯೊಬ್ಬನೇ. ಸಾಕ್ಷಿ ಇರಲಿಲ್ಲ, ಅಷ್ಟೆ. ನೀನು ಅವನನ್ನು ಬೀದಿಗೆಳೆದು ಬಲಗೈ ಮುರಿದೆ, ಪೊಲೀಸರು ಬಂದರು, ನಮ್ಮ ಹಿಂದೆ ನೀನು ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ಅಷ್ಟು ದೂರ ಹೋದೆ. ಮಗಳೂ ಹೋದಳು, ತಮ್ಮನೂ ದೂರವಾದ. ಇವತ್ತಿಗೂ ಅವನ ಯಂತ್ರದ ಸದ್ದು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತದೆ.

ಈಗ ಸಾಕ್ಷಿ ಸಿಗುವ ಕಾಲ ಬಂದಿದೆ. ಇಂಜಿನಿಯರಮ್ಮ ಮನೆಮನೆಯ ಕಕ್ಕಸಿಗೂ ಬಣ್ಣದ ನೀರು ಸುರಿಯುತ್ತಾಳಂತೆ. ಅದು ಎಲ್ಲಿ ಹೋಗಿ ಹೊರಬರುತ್ತದೆ ನೋಡಿದರೆ ಯಾರ ಹೊಲಸು ಎಲ್ಲಿ ಸೇರುತ್ತದೆ ಎಂದು ತಿಳಿಯುತ್ತದೆ. ಬೀದಿಯವರನ್ನು ಸೇರಿಸಿ ಇದನ್ನು ಹೇಳುವಾಗ ದರ್ಜಿ ಹಿಂದಿನಿಂದ ಕೇಳಿದ, “ಮೊದಲು ಯಾರ ಮನೇಲಿ ಮಾಡ್ತೀರಿ?” ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು. ಮಾರನೆಯ ದಿನ ಬೆಳಿಗ್ಗೆಯೇ ತನ್ನ ಹಿತ್ತಲನ್ನೆಲ್ಲ ಗುಡಿಸಿ ನೀರು ಹಾಕಿ ತೊಳೆದ. ನನಗೆ ನಿನ್ನ ನೆನಪಾಗಿ ನಗು ಬಂತು. ಚಿಕ್ಕವನಿದ್ದಾಗ ನೀನು ಏನಾದರೂ ಒಡೆದುಹಾಕಿದರೆ ನಾನು ಬರುವಷ್ಟರಲ್ಲಿ ಇಡೀ ಮನೆ ಗುಡಿಸಿ ಒರೆಸಿ ಇಟ್ಟಿರುತ್ತಿದ್ದೆ. ಮನೆ ಫಳಫಳ ಹೊಳೆಯುತ್ತಿದ್ದರೆ ನಾನು ಚಪ್ಪಲಿ ಬಿಡುವ ಮೊದಲೇ “ಏನು ಒಡೆದೆ?” ಎಂದು ಕೇಳುತ್ತಿದ್ದೆ. ನಿನಗೆ ಅಳುವೇ ಬಂದುಬಿಡುತ್ತಿತ್ತು.

ಮಕ್ಕಳಿಗೆ ನನ್ನ ಮುತ್ತು. ಕೆಲಸದಲ್ಲಿ ಎತ್ತರದ ಮೇಲೆ ನಿಲ್ಲುವಾಗ ಎಚ್ಚರವಾಗಿರು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ

ತಾ.ಕ.: ನೀನು ಪ್ರತಿ ಕಾಗದದಲ್ಲೂ ತಪ್ಪದೆ ಬರೆಯುವ ಹಾಗೆ ನೀರು ಕಾಯಿಸಿಯೇ ಕುಡಿಯುತ್ತಿದ್ದೇವೆ. ಹೆದರಬೇಡ.


ಮಾರ್ಚ್ ೨

ಪ್ರೀತಿಯ ತಮ್ಮನಿಗೆ ಆಶೀರ್ವಾದಗಳು.

ನಿನ್ನ ಕಾಗದ ಇಷ್ಟು ಬೇಗ ಬಂದದ್ದು ನೋಡಿ ಮೊದಲು ಗಾಬರಿಯಾಯಿತು. ನಾನು ಹತ್ತು ಸಲ ಬರೆದರೆ ಒಂದು ಸಲ ಉತ್ತರಿಸುವವನು ನೀನು. ಈ ಸಲ ನನ್ನ ಕಾಗದ ತಲುಪಿದ ದಿನವೇ ಕುಳಿತು ಬರೆದಂತಿದೆ. ಅಕ್ಷರಗಳೂ ಒಂದರ ಮೇಲೊಂದು ಬಿದ್ದಿವೆ. ಓದಲು ನಿನ್ನ ಭಾವನ ಕನ್ನಡಕ ಹಾಕಿಕೊಳ್ಳಬೇಕಾಯಿತು.

ಆ ಬಣ್ಣ ವಿಷ, ಮನೆಯೊಳಗೆ ಬಿಟ್ಟುಕೊಳ್ಳಬೇಡ ಎಂದು ಬರೆದಿದ್ದೀಯ. ಸಂಪಿಗೆ ಮಣ್ಣು ತುಂಬಿಸಿಬಿಡು, ತಾರಸಿಯ ಮೇಲಿಡಲು ಪ್ಲಾಸ್ಟಿಕ್ ಟ್ಯಾಂಕು ನಾನೇ ಕೊಡಿಸುತ್ತೇನೆ ಎಂದಿದ್ದೀಯ. ಹಳೆಯದನ್ನು ಕೆದಕಿದರೆ ಗುಬ್ಬಿ ವಾಪಸ್ಸು ಬರುತ್ತಾಳಾ ಅಕ್ಕಾ ಎಂದೂ ಕೇಳಿದ್ದೀಯ. ಆ ಮಾತು ಓದಿ ನಾನು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಮರೆತೆ. ಯಾರದೋ ಅಂಗಿಯ ಬೆನ್ನು ಸುಟ್ಟಿತು. ನಿನ್ನ ಸಂಕಟ ನನಗೆ ಅರ್ಥವಾಗುತ್ತದೆ. ನಾನು ಮತ್ತೆ ಅತ್ತು ಕರೆದು ಹಾಸಿಗೆ ಹಿಡಿಯುತ್ತೇನೆಂದು ನಿನಗೆ ಹೆದರಿಕೆ. ಹಾಗೇನೂ ಆಗುವುದಿಲ್ಲ. ಬಣ್ಣ ವಿಷವಲ್ಲವಂತೆ, ಇಂಜಿನಿಯರಮ್ಮ ನನ್ನ ಮುಂದೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ನಾಲಿಗೆ ಹಸಿರಾಯಿತು. ಮಾರನೆಯ ದಿನವೂ ಬದುಕಿಯೇ ಇದ್ದಳು.

ಇನ್ನು ಸಂಪಿಗೆ ಮಣ್ಣು ತುಂಬಿಸುವ ಮಾತು. ನಾನು ಹೇಗೆ ತುಂಬಿಸಲಿ ಹೇಳು. ಅದು ನೀನು ಕೈಯಾರೆ ಕಟ್ಟಿಕೊಟ್ಟದ್ದು. ನಾನು ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ಜಗಳವಾಡುವುದನ್ನು ನೋಡಲಾರದೆ, ಭಾನುವಾರ ಭಾನುವಾರ ಬಂದು ಒಬ್ಬನೇ ಅಗೆದು, ಇಟ್ಟಿಗೆ ಇಟ್ಟು, ಗಾರೆ ಬಳಿದು, “ಅಕ್ಕಾ, ಇನ್ಮೇಲೆ ನಿನ್ನ ಬಾಯಿಗೆ ರಜ” ಎಂದಿದ್ದೆ. ಇಂಜಿನಿಯರಮ್ಮ ಮುಚ್ಚಳ ತೆಗೆದು ಟಾರ್ಚು ಬಿಟ್ಟು ನೋಡಿ, “ಯಾರಮ್ಮ ಕಟ್ಟಿದ್ದು? ಮೂಲೆ ಎಷ್ಟು ನೇರವಾಗಿದೆ” ಎಂದಳು. ನನ್ನ ತಮ್ಮ, ಮೇಸ್ತ್ರಿ ಎಂದೆ. ಹೇಳುವಾಗ ಎದೆ ಉಬ್ಬಿತು. ಬಾಯಿಮಾತಿಗೆ ಹೊಗಳಿದಳೋ ನಿಜಕ್ಕೂ ಹೊಗಳಿದಳೋ, ಹೊಗಳಿಕೆಯನ್ನು ಮಾತ್ರ ನಾನು ಅನುಮಾನಿಸಲಿಲ್ಲ.

ಬೀದಿ ಪೂರ್ತಿ ಅಗೆದಿದ್ದಾರೆ. ಮನೆಯಿಂದ ಹೊರಗೆ ಕಾಲಿಡಬೇಕಾದರೆ ಹಲಗೆಯ ಮೇಲೆ ನಡೆಯಬೇಕು. ನಿನ್ನ ಭಾವ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಹಲಗೆಯ ಮೇಲೆ ನಿಂತು “ರೈಟ್” ಎಂದು ಕೂಗಿ ದಾಟುತ್ತಾರೆ. ಗುಡ್ಡ ಅಗೆದು ಇಲಿ ಹಿಡಿಯುತ್ತಾರೇನೋ ಎಂದು ನಾನು ದಿನವೂ ಹೋಗಿ ನೋಡುತ್ತೇನೆ. ಪೈಪನ್ನು ಇಳಿಜಾರಾಗಿ ಹಾಕುತ್ತಿದ್ದಾರೋ ಇಲ್ಲವೋ ಎಂದು ಒಂದು ಕೊಡ ನೀರು ಸುರಿದೇ ನೋಡಿದೆ. ನೀರು ಸರಸರ ಹೋಯಿತು. ಕೆಳಗೆ ಕೂತು ಕೆಲಸ ಮಾಡುತ್ತಿದ್ದವನ ಬೆನ್ನೂ ಒದ್ದೆಯಾಯಿತು. ಕಂಟ್ರಾಕ್ಟರು ನನ್ನನ್ನು ಕಂಡರೆ ಈಗ ಬೇರೆ ದಾರಿಯಲ್ಲಿ ಹೋಗುತ್ತಾನೆ. ಹಾಗೆ ತಪ್ಪಿಸಿಕೊಂಡು ಹೋಗುವವನ ಮೇಲೆ ಅನುಮಾನ ಬರದೆ ಇನ್ನೇನು ಬರುತ್ತದೆ.

ಮುಖ್ಯ ವಿಷಯ ಇಷ್ಟು. ನಾಳೆ ದರ್ಜಿಯ ಮನೆಯ ಸರದಿ. ಅವನು ಏನು ಕಿತಾಪತಿ ಮಾಡಬಹುದೆಂದು ನಾನು ಯೋಚಿಸಿ ಇಟ್ಟಿದ್ದೇನೆ. ಬಣ್ಣವನ್ನು ಸುರಿದ ಹಾಗೆ ಮಾಡಿ ಬೇರೆಲ್ಲೋ ಚೆಲ್ಲಬಹುದು. ಅಥವಾ ಮೇಲಿನ ಮಹಡಿಯದನ್ನು ಬಿಟ್ಟು ಕೆಳಗಿನದನ್ನು ಮಾತ್ರ ತೋರಿಸಬಹುದು. ಅದಕ್ಕೇ ಇಂಜಿನಿಯರಮ್ಮನನ್ನು ಕೇಳಿದೆ, “ಸುರಿಯೋದು ನಾನೇ ಸುರೀಬೇಕು, ಎಲ್ಲಾ ಮಹಡೀಲೂ” ಎಂದು. ಅವಳು ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. “ಆಗ್ಲಿ, ನೀವೇ ಸುರೀರಿ. ನಿಮ್ಮ ಸಂಪಿನ ಹತ್ರ ನಾನಿರ್ತೀನಿ” ಎಂದಳು. ದರ್ಜಿಯೂ ಒಪ್ಪಿದನಂತೆ. ಒಪ್ಪಿದ್ದು ಯಾಕೋ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ, ತನ್ನನ್ನು ಯಾರೂ ನೋಡುವುದಿಲ್ಲವೆಂದು.

ಆ ಮನೆಯ ಹೊಸಿಲು ತುಳಿಯುವುದಿಲ್ಲವೆಂದು ಗುಬ್ಬಿಯ ಮೇಲೆ ಆಣೆ ಮಾಡಿದ್ದೆ. ಅವಳಿಗಾಗಿಯೇ ಆಣೆ ಮುರಿಯುತ್ತೇನೆ. ನಾಳೆ ಅವನ ಬಣ್ಣ ಬಯಲಾದರೆ, ನೀನು ಇನ್ನು ತಲೆ ತಗ್ಗಿಸಿಕೊಂಡು ಬೇರೆ ಊರಲ್ಲಿ ಇರಬೇಕಾಗಿಲ್ಲ. ನಿನ್ನ ಮನೆಗೆ ನೀನು ಬಾ. ಬಾಡಿಗೆಯ ನರ್ಸಮ್ಮನಿಗೆ ಬೇರೆ ಮನೆ ನೋಡಿಕೊಳ್ಳಲು ನಾನೇ ಹೇಳುತ್ತೇನೆ.

ನಿನ್ನ ಹೆಂಡತಿಗೂ ಮಕ್ಕಳಿಗೂ ಆಶೀರ್ವಾದಗಳು. ನಿದ್ದೆಗೆಟ್ಟು ಯೋಚನೆ ಮಾಡಬೇಡ.

ನಿನ್ನ ಅಕ್ಕ

ತಾ.ಕ.: ಕಾಗದದ ಕೊನೆಯಲ್ಲಿ ಏನೋ ಬರೆದು ಗೀಚಿ ಹಾಕಿದ್ದೀಯ. ಬೆಳಕಿಗೆ ಹಿಡಿದರೂ ಓದಲಾಗಲಿಲ್ಲ. ಏನದು?


ಏಪ್ರಿಲ್ ೯

ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಬಹಳ ತಡವಾಯಿತು. ಬರೆಯಲೆಂದು ಕುಳಿತು ಕುಳಿತು ಎದ್ದಿದ್ದೇನೆ. ನೀನು ಫೋನ್ ಮಾಡಿದ್ದೂ ಗೊತ್ತು, ಎತ್ತಲಿಲ್ಲ. ಮೈ ಹುಷಾರಿಲ್ಲವೇನೋ ಎಂದು ನಿನ್ನ ಭಾವನನ್ನು ಕೇಳಿದೆಯಂತೆ. ಚೆನ್ನಾಗಿಯೇ ಇದ್ದೇನೆ. ಉಣ್ಣುತ್ತೇನೆ, ಇಸ್ತ್ರಿ ಮಾಡುತ್ತೇನೆ, ಮಲಗುತ್ತೇನೆ.

ದರ್ಜಿಯ ಮನೆಯ ವಿಷಯ ಮೊದಲು ಹೇಳುತ್ತೇನೆ. ಹೇಳಿದ ದಿನವೇ ಹೋದೆ. ಅವನ ಹೆಂಡತಿ ಬಾಗಿಲು ತೆಗೆದು ಪಕ್ಕಕ್ಕೆ ಸರಿದು ನಿಂತಳು. ಒಳಗೆ ಅವನು ಬಟ್ಟೆ ಕತ್ತರಿಸುತ್ತಿದ್ದ. ಎಡಗೈಯಲ್ಲಿ ಕತ್ತರಿ. ಬಲಗೈಯ ಬೆರಳುಗಳು ಮಡಿಚುವುದಿಲ್ಲ, ಬಟ್ಟೆಯ ಮೇಲೆ ಭಾರಕ್ಕೆ ಇಟ್ಟ ಹಾಗೆ ಇಟ್ಟುಕೊಂಡಿರುತ್ತಾನೆ. ಇಷ್ಟು ವರ್ಷ ಗೋಡೆಯ ಈಚೆಯಿಂದ ಆ ಯಂತ್ರದ ಸದ್ದು ಕೇಳಿದ್ದೆ, ಒಂದೇ ಕೈಯಲ್ಲಿ ಹೊಲಿಯುವ ಸದ್ದು ಎಂದು ನನಗೆ ತಿಳಿದಿರಲಿಲ್ಲ. ಅದು ಆಗಾಗ ನಿಲ್ಲುತ್ತಿದ್ದದ್ದು ನನ್ನ ಮಾತು ಕೇಳುವುದಕ್ಕಲ್ಲ. ಬಟ್ಟೆ ತಿರುಗಿಸಲು ನಿಲ್ಲಿಸಬೇಕು, ಅಷ್ಟೆ.

ಮೇಲಿನ ಮಹಡಿಯಿಂದ ಕೆಳಗಿನವರೆಗೆ ಪ್ರತಿ ಕಕ್ಕಸಿಗೂ ನಾನೇ ಕೆಂಪು ಬಣ್ಣ ಸುರಿದೆ, ಬಕೆಟ್ಟುಗಟ್ಟಲೆ ನೀರು ಹಾಕಿದೆ. ಆಮೇಲೆ ಓಡಿ ಬಂದು ನಮ್ಮ ಸಂಪಿನ ಹತ್ತಿರ ನಿಂತೆ. ಸಂಜೆಯಾಯಿತು. ನಮ್ಮ ನೀರಿನಲ್ಲಿ ಕೆಂಪಿಲ್ಲ. ಮಾರನೆಯ ದಿನವೂ ಇಲ್ಲ. ಅವನ ಮನೆಯ ನೀರೆಲ್ಲ ಅವನದೇ ಗುಂಡಿಗೆ ಹೋಗಿತ್ತು. ಗುಂಡಿಯ ಮುಚ್ಚಳ ತೆಗೆಸಿ ನೋಡಿದೆ. ಆಳವಾಗಿ, ಒಳಗೆಲ್ಲ ಗಾರೆ ಮಾಡಿ, ಕಟ್ಟಿದರೆ ಹೀಗೆ ಕಟ್ಟಬೇಕು ಎನ್ನುವ ಹಾಗೆ ಕಟ್ಟಿಸಿದ್ದಾನೆ. ಮುಚ್ಚಳ ಮತ್ತೆ ಮುಚ್ಚಿಸಿದೆ. ಅವನೇ ಹೇಳಿದ, “ಅಕ್ಕಾ, ಆವತ್ತೇ ಬಂದು ಕೇಳಿದ್ರೆ ಮುಚ್ಚಳ ತೆಗೆದು ತೋರಿಸ್ತಿದ್ದೆ. ಕೇಳೋಕೆ ಯಾರೂ ಬರಲಿಲ್ಲ. ಹೊಡೆಯೋಕೆ ಬಂದ್ರು.” ಹಿತ್ತಲು ತೊಳೆದದ್ದು ಯಾಕೆ ಎಂದು ನಾಚಿಕೆ ಬಿಟ್ಟು ಕೇಳಿದೆ. “ದೊಡ್ಡವರು ಮನೆ ನೋಡೋಕೆ ಬರ್ತಾರಂದ್ರೆ ಗುಡಿಸಲ್ವಾ?” ಎಂದ.

ಇಷ್ಟು ವರ್ಷ ನಾನು ಅವನ ಮಕ್ಕಳ ಮುಖ ನೋಡಿದರೂ ಶಾಪ ಹಾಕಿದ್ದೇನೆ. ಅವನ ಅಂಗಡಿಯಿಂದ ಇಸ್ತ್ರಿಗೆ ಬರುತ್ತಿದ್ದ ಬಟ್ಟೆ ನಿಂತುಹೋದದ್ದಕ್ಕೂ ಅವನನ್ನೇ ಬೈದಿದ್ದೇನೆ. ಈಚೆಗೊಂದು ದಿನ ಅವನ ಹೆಂಡತಿ ಹೊಲಿದ ಬಟ್ಟೆಯ ಗಂಟೊಂದನ್ನು ತಂದು ನಮ್ಮ ಜಗಲಿಯ ಮೇಲಿಟ್ಟು, “ನಾಳೆ ಸಾಯಂಕಾಲಕ್ಕೆ ಬೇಕಂತೆ” ಎಂದು ಹೋದಳು. ಒಂದೊಂದು ಅಂಗಿಯನ್ನೂ ಎರಡೆರಡು ಸಲ ತಿಕ್ಕಿ ಕೊಟ್ಟೆ.

ಒಳಚರಂಡಿಯ ಕೆಲಸ ಮುಗಿಯಿತು. ಎಲ್ಲರ ಮನೆಗೂ ಸಂಪರ್ಕ ಕೊಟ್ಟಿದ್ದಾರೆ, ಮೇಲಿನ ಸಾಲಿನ ನಿನ್ನ ಮನೆಗೂ. ಹಿಂದುಗಡೆಯ ಮೋರಿ ಒಣಗಿದೆ. ಬೀದಿಗೆ ಮತ್ತೆ ಮಣ್ಣು ಮುಚ್ಚಿ ಕಲ್ಲು ಹಾಸಿದ್ದಾರೆ. ನಿನ್ನ ಭಾವ ಊಟ ಮಾಡುತ್ತಾ ಅಡುಗೆಮನೆಯ ಕಿಟಕಿ ತೆಗೆದು, “ಏನೇ ಇದು, ಏನೋ ಕಮ್ಮಿ ಆಗಿದೆಯಲ್ಲ” ಎಂದರು. ವಾಸನೆ ಕಮ್ಮಿಯಾಗಿತ್ತು. ಹೋಗುವ ದಿನ ಇಂಜಿನಿಯರಮ್ಮ ಬಂದು ನಮ್ಮ ಮನೆಯಲ್ಲಿ ಚಹಾ ಕುಡಿದಳು. ಸಂಪಿಗೆ ಮಣ್ಣು ತುಂಬಿಸಿದೆ, ನೀನು ಹೇಳಿದ ಹಾಗೆಯೇ. ತಾರಸಿಯ ಮೇಲೆ ಟ್ಯಾಂಕು ಇಡಿಸಿದ್ದೇವೆ, ನೀನು ಕೊಡಿಸುವುದೇನೂ ಬೇಡ.

ಮಕ್ಕಳು ಚೆನ್ನಾಗಿ ಓದಲಿ. ನಿನ್ನ ಹೆಂಡತಿಯ ಸೊಂಟನೋವು ವಾಸಿಯಾಗಲಿ. ನಿನಗೂ ದೇವರು ಆಯಸ್ಸು ಕೊಡಲಿ. ಈ ಆಶೀರ್ವಾದ ಮನಸ್ಸಿನಿಂದಲೇ ಬರೆದದ್ದು, ಅಷ್ಟನ್ನು ನಂಬು.

ಅಕ್ಕ

ತಾ.ಕ.: ಅಂಟು ಹಚ್ಚುವ ಮೊದಲು ಮತ್ತೆ ಬಿಚ್ಚಿದ್ದೇನೆ. ಬರೆಯದೆ ಬಿಟ್ಟದ್ದೊಂದಿದೆ.

ದರ್ಜಿಯ ಮನೆಯ ನೀರಲ್ಲ ಎಂದಾದ ಮೇಲೂ ಇಂಜಿನಿಯರಮ್ಮ ನಮ್ಮ ಸಂಪನ್ನು ಬಿಡಲಿಲ್ಲ. ಹಿಂದುಗಡೆ ಮೇಲಿನ ಮನೆ ಯಾರದು ಎಂದು ಕೇಳಿದಳು. “ಅದು ನನ್ನ ತಮ್ಮಂದು. ಅದನ್ನೇನು ನೋಡ್ತೀರಾ” ಎಂದೆ. “ತಮ್ಮಂದಾದ್ರೂ ನೀರು ಕೆಳಕ್ಕೇ ಹರಿಯೋದಲ್ವಾಮ್ಮ” ಎಂದಳು. ನರ್ಸಮ್ಮ ಬಾಗಿಲು ತೆಗೆದರು. ಈ ಸಲ ಹಸಿರು ಬಣ್ಣ. ನಾನು ಕೆಳಗೆ ಸಂಪಿನ ಮುಚ್ಚಳ ಸರಿಸಿ ಕುಳಿತಿದ್ದೆ, ಏನೋ ಕಾಣುತ್ತದೆಂದಲ್ಲ, ಅವಳ ಬಾಯಿ ಮುಚ್ಚಿಸಬೇಕೆಂದು. ಸಂಪಿನ ತಳದಲ್ಲಿ ಸ್ವಲ್ಪವೇ ನೀರಿತ್ತು. ನೋಡುತ್ತಿದ್ದ ಹಾಗೆ ಒಳಗೋಡೆಯಿಂದ ಹಸಿರು ಎಳೆ ಎಳೆಯಾಗಿ ಇಳಿಯಿತು. ಸಂಪು ಖಾಲಿಯಾದಾಗಲೆಲ್ಲ ಹೀಗೇ ಒಳಕ್ಕೆ ನುಗ್ಗುತ್ತದಂತೆ. ತಲೆ ಎತ್ತಿದರೆ ಗೋಡೆಯ ಆಚೆ ದರ್ಜಿ ನಿಂತಿದ್ದ. ಅವನೂ ನೋಡಿದ. ತಿರುಗಿ ಒಳಗೆ ಹೋದ. ಆ ಬಟ್ಟೆಯ ಗಂಟು ಬಂದದ್ದು ಅದರ ಮಾರನೆಯ ದಿನ.

ಅಗೆದು ನೋಡಿದರು. ನಿನ್ನ ಮನೆಯ ಕಕ್ಕಸಿನ ಪೈಪು ನಮ್ಮ ಹಿತ್ತಲಿನೊಳಗಿಂದ ಹಾದು ಹಿಂದಿನ ಮೋರಿಗೆ ಹೋಗುತ್ತದೆ. ಅದು ನನಗೆ ಗೊತ್ತಿರದ ವಿಷಯವಲ್ಲ. ಬೇರೆ ಯಾರ ಜಾಗವಾಗಿದ್ದರೂ ಕೇಳಬೇಕಿತ್ತು, “ಅಕ್ಕನ ಹಿತ್ತಲು, ಯಾರನ್ನ ಕೇಳ್ಬೇಕು” ಎಂದು ನೀನು ಹಾಕಿದಾಗ ನಾನೇ ನಿನಗೆ ಊಟ ಬಡಿಸಿದ್ದೆ. ಆಮೇಲೆ ನೀನು ಸಂಪನ್ನು ಅದಕ್ಕೆ ಅಂಟಿಕೊಂಡೇ ತೋಡಿದೆ, ಒಂದು ಸಲ ಅಗೆದ ಮಣ್ಣು ಮೆತ್ತ ಎಂದು. ಊರಿನವರ ಪೈಪುಗಳನ್ನೆಲ್ಲ ಅನುಮಾನಿಸಿದವಳಿಗೆ ಅದೊಂದು ಪೈಪು ಮಾತ್ರ ನೆನಪಿಗೇ ಬರಲಿಲ್ಲ, ಅದು ನಿನ್ನದಾದ್ದರಿಂದ. ಜೋಡಣೆಯ ಸಿಮೆಂಟಿನ ಮೇಲೆ ನಿನ್ನ ಹೆಬ್ಬೆರಳಿನ ಗುರುತು ಹಾಗೇ ಇದೆ. ಪೈಪು ಅಲ್ಲೇ ಬಿರುಕು ಬಿಟ್ಟಿದೆ.

ಅವತ್ತು ಬಹಳ ಅತ್ತೆ. ಆದರೆ ಅತ್ತು ಮುಗಿಯುವಷ್ಟರಲ್ಲಿ ನಿನ್ನನ್ನು ಕ್ಷಮಿಸಿಯೂ ಆಗಿತ್ತು. ಕೆಲಸ ಮಾಡುವವನ ಕೈ ಒಂದು ಸಲ ತಪ್ಪುತ್ತದೆ. ಅಕ್ಕನಿಗೆ ಒಳ್ಳೆಯದಾಗಲೆಂದು ಮಾಡಿದ್ದು. ಇದು ನಿನಗೆ ಎಂದೂ ತಿಳಿಯದಿರಲಿ, ತಿಳಿದರೆ ನೀನು ಉಳಿಯುವುದಿಲ್ಲ ಎಂದು ಇಂಜಿನಿಯರಮ್ಮನ ಕೈಹಿಡಿದು ಯಾರಿಗೂ ಹೇಳಬೇಡವೆಂದು ಕೇಳಿಕೊಂಡೆ. ನಿನ್ನ ಭಾವನಿಗೂ ಹೇಳಲಿಲ್ಲ.

ಮಣ್ಣು ತುಂಬಿಸುವ ಮೊದಲು ನೀರನ್ನೆಲ್ಲ ಬಳಿದು ತೆಗೆಸಿ, ಕಡೆಯ ಸಲ ನೋಡೋಣವೆಂದು ಏಣಿ ಹಾಕಿ ನಾನೇ ಒಳಗಿಳಿದೆ. ಒಳಗೋಡೆಯ ಗಾರೆ ಎಲ್ಲ ಕಡೆ ಹಳೆಯದು. ಪೈಪಿನ ಆ ಬಿರುಕಿನ ನೇರಕ್ಕೆ ಮಾತ್ರ ತಟ್ಟೆಯಗಲದ ಬೇರೆ ಗಾರೆ ಇದೆ. ಬಣ್ಣ ಬೇರೆ, ಮೆತ್ತಿದ್ದು ಆಮೇಲೆ. ಅಂಚೆಲ್ಲ ಹೆಬ್ಬೆರಳಿನಿಂದ ಒತ್ತಿದ್ದು. ಈಗ ಅದೂ ಬಿರಿದಿದೆ.

ಗುಬ್ಬಿಯನ್ನು ಮಣ್ಣು ಮಾಡಿ ಬಂದ ಮೇಲೆ ನೀನು ಸಂಪಿನೊಳಗೆ ಇಳಿದಿದ್ದೆ. ತೊಳೆದು ಬಿಡ್ತೀನಿ ಅಕ್ಕಾ ಎಂದಿದ್ದೆ. ಭಾವ ಕೈ ಹಾಕಲು ಬಂದರೆ ಬೇಡವೆಂದೆ. ಬಹಳ ಹೊತ್ತು ಒಳಗಿದ್ದೆ. ಮೇಲೆ ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಪೊರಕೆ ತೆಗೆದುಕೊಂಡು ಇಡೀ ಮನೆ ಗುಡಿಸಿದೆ. ಅಡುಗೆಮನೆ ಒರೆಸಿದೆ. ಹಿತ್ತಲು ತೊಳೆದೆ. ಎಲ್ಲ ಮುಗಿದ ಮೇಲೆ ಕೈ ತೊಳೆದುಕೊಂಡು ನೇರವಾಗಿ ಹೋಗಿ ದರ್ಜಿಯ ಬಾಗಿಲು ಒದ್ದೆ. ನನ್ನ ದುಃಖದಲ್ಲಿ ನಾನು ಮೂಲೆಯಲ್ಲಿ ಕುಳಿತು, ಪಾಪ, ಎಷ್ಟು ಪ್ರೀತಿ ಎಂದುಕೊಂಡೆ.

ಕಾಗದ ಬರೆಯಬೇಡ, ಫೋನ್ ಮಾಡಬೇಡ. ಬಾ. ಮೊದಲು ಪಕ್ಕದ ಮನೆಗೆ ಹೋಗು, ಆಮೇಲೆ ನನ್ನ ಮನೆಗೆ ಬಾ. ಗೊತ್ತಿರಲಿಲ್ಲ ಎಂದರೆ ನಾನು ನಂಬುತ್ತೇನೆ. ಹುಟ್ಟಿದಾಗಿನಿಂದ ನಾನು ನಂಬಿದ್ದು ನಿನ್ನೊಬ್ಬನನ್ನೇ, ಆ ಅಭ್ಯಾಸ ಈಗ ಹೋಗುವುದಿಲ್ಲ. ಅದನ್ನು ನೆನಪಿಟ್ಟುಕೊಂಡೇ ಬಾಯಿ ತೆರೆ.

ಅಂದು ಮನೆ ಅಷ್ಟು ಚೊಕ್ಕಟವಾಗಿತ್ತು, ನಾನು ಕೇಳಬೇಕಾದ್ದನ್ನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಏನು ಒಡೆದೆ?